ಮೂವತ್ತು ರೂಪಾಯಿಯ ಚಾಕರಿ

ಉದ್ಯೋಗವನ್ನು ಅರಸಿ ಹೋದವನಿಗೆ ಇಲ್ಲವೆಂಬ ಉತ್ತರವು ಎರಡು ಬಗೆಯಲ್ಲಿ ದೊರೆಯುವುದುಂಟು. ಕೆಲಸಕ್ಕೆ ತಕ್ಕ ಯೋಗ್ಯತೆ ನಿನ್ನಲ್ಲಿ ಇಲ್ಲವೆಂಬುದು ಒಂದು. ಕೆಲಸಕ್ಕೆ ನಿನ್ನ ಯೋಗ್ಯತೆ ಹೆಚ್ಚಾಯಿತೆಂಬುದು ಇನ್ನೊಂದು. ಮೊದಲನೆಯದು ಕಹಿಯಾದರೂ ಅದರ ಅರ್ಥ ಸ್ಪಷ್ಟವಾದುದು. ಅದನ್ನು ಕೇಳಿದವನು ತನ್ನ ಕೊರತೆಯನ್ನು ತುಂಬಿಕೊಳ್ಳಲು ಪ್ರಯತ್ನಿಸಬಹುದು. ಎರಡನೆಯದು ಜೇನಿನಲ್ಲಿ ಅದ್ದಿ ಕೊಟ್ಟ ಕಷಾಯ. ಕಲಿತುದನ್ನು ಕಳೆದುಕೊಳ್ಳುವ ಉಪಾಯವನ್ನು ಯಾವ ಗುರುವೂ ಕಲಿಸಲಾರನು. ಹೊಗಳಿಕೆಯನ್ನು ಹೊತ್ತು ಮನೆಗೆ ಮರಳಿದವನಿಗೆ ಬರಿದಾದ ಅನ್ನದ ಪಾತ್ರೆಯೇ ಎದುರಾಗುತ್ತದೆ.

ಬಹುಕಾಲ ಅಧ್ಯಾಪಕನಾಗಿದ್ದ ನನಗೆ ಈ ಎರಡನೆಯ ಉತ್ತರವನ್ನು ಪಡೆದು ಬಂದ ತರುಣರು ಹಲವರು ಪರಿಚಿತರು. ಎಂ.ಎ. ತೇರ್ಗಡೆಯಾಗಿ ಗುಮಾಸ್ತೆಯ ಹುದ್ದೆಗೆ ಅರ್ಜಿ ಹಾಕಿದವರನ್ನು, ಇಷ್ಟು ಓದಿದವರು ಇಲ್ಲಿ ನಿಲ್ಲುವವರಲ್ಲವೆಂದು ಹೇಳಿ ಕಳುಹಿಸಿಬಿಡುವುದು ಲೋಕದ ರೂಢಿ. ಅವರನ್ನು ಕಂಡಾಗಲೆಲ್ಲ ನನಗೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ನೆನಪಾಗುತ್ತದೆ. ಆ ಮಹನೀಯರ ಕಥೆಯನ್ನು ನಾವು ಸಾಮಾನ್ಯವಾಗಿ ಕೇಂಬ್ರಿಡ್ಜಿಗೆ ಹೋದ ಪತ್ರದಿಂದ ಆರಂಭಿಸುತ್ತೇವೆ. ಅದಕ್ಕೆ ಮುಂಚಿನ ಒಂದೆರಡು ವರ್ಷಗಳ ಕಾಲ ಅವರು ಬೇಡುತ್ತಿದ್ದುದು ಕೀರ್ತಿಯನ್ನಲ್ಲ, ಒಂದು ಸಣ್ಣ ಗುಮಾಸ್ತೆ ಕೆಲಸವನ್ನು. ಆ ಬೇಡಿಕೆಗೆ ದೊರೆತ ಉತ್ತರಗಳ ಕಥೆಯೇ ಇಂದು ನಾನು ವಾಚಕರ ಮುಂದಿಡಬೇಕೆಂದಿರುವುದು.

ರಾಮಾನುಜನ್ ಹುಟ್ಟಿದ್ದು ೧೮೮೭ನೆಯ ಡಿಸೆಂಬರ್ ೨೨ರಂದು, ಈರೋಡಿನಲ್ಲಿ, ತಾಯಿಯ ತವರಿನಲ್ಲಿ. ಬೆಳೆದುದು ಕಾವೇರಿಯ ತೀರದ ಕುಂಭಕೋಣದಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರ್ಯರು ಜವಳಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಬರುತ್ತಿದ್ದ ಸಂಬಳ ತಿಂಗಳಿಗೆ ಸುಮಾರು ಇಪ್ಪತ್ತು ರೂಪಾಯಿ. ತಾಯಿ ಕೋಮಲತ್ತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡಿ, ಮನೆಯಲ್ಲಿ ವಿದ್ಯಾರ್ಥಿಗಳಿಗೆ ಊಟವಿಕ್ಕಿ ಸಂಸಾರಕ್ಕೆ ನಾಲ್ಕು ಕಾಸು ಕೂಡಿಸುತ್ತಿದ್ದರು. ಲೆಕ್ಕ ಬರೆಯುವುದು ಆ ಮನೆಯ ಅನ್ನದ ದಾರಿ. ಮಗನೂ ಮುಂದೆ ಅದೇ ದಾರಿಯನ್ನು ಹಿಡಿದರೆ ಅದರಲ್ಲಿ ಅವಮಾನವೆಂದು ಅವರಾರೂ ಬಗೆದಿರಲಾರರು.

ಶಾಲೆಯಲ್ಲಿ ಹುಡುಗನ ಗಣಿತ ಉಪಾಧ್ಯಾಯರಿಗೇ ಮೀರಿದುದಾಯಿತು. ೧೯೦೩ರಲ್ಲಿ ಕಾರ್ ಎಂಬಾತನು ಬರೆದ ಗ್ರಂಥವೊಂದು ಅವನ ಕೈಗೆ ಬಂದಿತು. ಸುಮಾರು ಐದು ಸಾವಿರ ಸೂತ್ರಗಳನ್ನು ಸಾಲಾಗಿ ಜೋಡಿಸಿದ, ಸಾಧನೆಗಳನ್ನು ಹೆಚ್ಚಾಗಿ ಕೊಡದ ಒಣ ಪುಸ್ತಕವದು. ಪರೀಕ್ಷೆಗೆ ಕೂಡುವವರಿಗಾಗಿ ಸಿದ್ಧಪಡಿಸಿದುದು. ಇತರರಿಗೆ ಕೈಪಿಡಿಯಾಗಿದ್ದುದು ಈ ಹುಡುಗನಿಗೆ ಹೊಸ ಲೋಕದ ಬಾಗಿಲಾಯಿತು. ಒಂದೊಂದು ಸೂತ್ರವನ್ನೂ ತಾನೇ ಸಾಧಿಸುತ್ತ ಹೋದವನು, ಅಲ್ಲಿ ಇಲ್ಲದ ಸೂತ್ರಗಳನ್ನು ತನ್ನ ಪುಸ್ತಕದಲ್ಲಿ ಬರೆದಿಡತೊಡಗಿದ. ೧೯೦೪ರಲ್ಲಿ ಶಾಲೆಯ ಬಹುಮಾನ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯರು, ಈ ವಿದ್ಯಾರ್ಥಿಗೆ ಪೂರ್ಣಾಂಕವನ್ನು ಕೊಟ್ಟರೂ ಸಾಲದೆಂದು ಸಭೆಗೆ ತಿಳಿಸಿದರಂತೆ. ನನಗೆ ಈ ಮಾತು ಮುಂದಿನ ಬಾಳಿಗೆ ಬರೆದ ಮುನ್ನುಡಿಯಂತೆ ತೋರುತ್ತದೆ. ಅಳತೆಗೋಲಿಗಿಂತ ಉದ್ದವಾದುದನ್ನು ಲೋಕವು ಮೆಚ್ಚುತ್ತದೆ. ಆದರೆ ಅದನ್ನು ಯಾವ ಪೆಟ್ಟಿಗೆಯಲ್ಲಿ ಇಡಬೇಕೆಂದು ತಿಳಿಯದೆ ಹೊರಗೇ ಬಿಡುತ್ತದೆ.

ಕುಂಭಕೋಣದ ಸರ್ಕಾರಿ ಕಾಲೇಜನ್ನು ವಿದ್ಯಾರ್ಥಿವೇತನದೊಡನೆ ಸೇರಿದ ರಾಮಾನುಜನ್ ಗಣಿತದ ಹೊರತು ಬೇರೆ ಯಾವುದನ್ನೂ ಓದಲಿಲ್ಲ. ಇಂಗ್ಲಿಷ್ ಪ್ರಬಂಧದಲ್ಲಿ ತಪ್ಪಿದರು, ವೇತನ ಹೋಯಿತು. ಆ ಕಾಲೇಜಿನ ಓದು ಅಷ್ಟಕ್ಕೇ ನಿಂತಿತು. ೧೯೦೬ರಲ್ಲಿ ಮದರಾಸಿನ ಪಚ್ಚೈಯಪ್ಪ ಕಾಲೇಜನ್ನು ಸೇರಿ ಎಫ್.ಎ. ಪರೀಕ್ಷೆಗೆ ಕುಳಿತರು, ಅಲ್ಲಿಯೂ ಸೋಲು. ೧೯೦೭ರಲ್ಲಿ ಮತ್ತೊಮ್ಮೆ ಕುಳಿತರು, ಮತ್ತೊಮ್ಮೆ ಸೋಲು. ಇಪ್ಪತ್ತನೆಯ ವಯಸ್ಸಿಗೆ ಅವರ ಕೈಯಲ್ಲಿ ಉಳಿದುದು ಮೆಟ್ರಿಕ್ಯುಲೇಷನ್ನಿನ ಒಂದು ಪತ್ರ, ಮತ್ತು ಯಾವ ಪರೀಕ್ಷಕನೂ ಅಂಕ ಹಾಕಲಾರದ ಸೂತ್ರಗಳು ತುಂಬಿದ ನೋಟುಪುಸ್ತಕಗಳು. ಕಾಗದಕ್ಕೆ ದುಡ್ಡಿಲ್ಲದುದರಿಂದ ಲೆಕ್ಕವನ್ನೆಲ್ಲ ಹಲಗೆಯ ಮೇಲೆ ಮಾಡಿ, ಮೊಣಕೈಯಿಂದ ಒರೆಸಿ, ಕಡೆಗೆ ದೊರೆತ ಫಲವನ್ನು ಮಾತ್ರ ಪುಸ್ತಕಕ್ಕೆ ಇಳಿಸುವುದು ಅವರ ಪದ್ಧತಿಯಾಗಿತ್ತು.

೧೯೦೯ನೆಯ ಜುಲೈಯಲ್ಲಿ ಅವರಿಗೆ ಮದುವೆಯಾಯಿತು. ವಧು ಜಾನಕಿಗೆ ಆಗ ಸುಮಾರು ಹತ್ತು ವರ್ಷ. ಆ ಕಾಲದ ರೂಢಿಯಂತೆ ಆಕೆ ತವರಿನಲ್ಲಿಯೇ ಉಳಿದಳು. ಮದುವೆಯಾದ ಮಗನು ಸಂಪಾದಿಸಬೇಕು. ಮರುವರ್ಷದ ಆರಂಭದಲ್ಲಿ ರಾಮಾನುಜನ್ ಕಾಯಿಲೆಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಮನೆಯವರಲ್ಲಿ ಹಣವಿಲ್ಲದೆ, ವೈದ್ಯರೊಬ್ಬರು ಶುಲ್ಕವಿಲ್ಲದೆ ಅದನ್ನು ನಡೆಸಿಕೊಟ್ಟರು. ಮೈ ಚೇತರಿಸಿಕೊಂಡ ಮೇಲೆ ಅವರು ನೋಟುಪುಸ್ತಕಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಲಸ ಹುಡುಕಲು ಹೊರಟರು. ಮನೆಪಾಠಕ್ಕೆ ಹುಡುಗರನ್ನು ಹುಡುಕಿದರು; ಪರೀಕ್ಷೆಗೆ ಬೇಕಾದ ದಾರಿಯಲ್ಲಿ ಪಾಠ ಹೇಳುವ ಕಲೆ ಅವರಿಗೆ ಒಗ್ಗಲಿಲ್ಲ. ಇನ್ನು ಉಳಿದುದು ಕಚೇರಿಗಳು.

೧೯೧೦ರ ಕೊನೆಯ ಭಾಗದಲ್ಲಿ ಅವರು ತಿರುಕ್ಕೋವಿಲೂರಿಗೆ ಹೋಗಿ ಅಲ್ಲಿ ಡೆಪ್ಯುಟಿ ಕಲೆಕ್ಟರರಾಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಕಂಡರು. ಅಯ್ಯರ್ ಅವರು ಬರಿಯ ಅಧಿಕಾರಿಗಳಲ್ಲ. ೧೯೦೭ರಲ್ಲಿ ಭಾರತೀಯ ಗಣಿತ ಸಂಘವನ್ನು ಸ್ಥಾಪಿಸಿದ ಗಣಿತಪ್ರೇಮಿಗಳು. ಕಂದಾಯ ಇಲಾಖೆಯಲ್ಲಿ ಎಷ್ಟೇ ಕೆಳಗಿನದಾದರೂ ಸರಿಯೆ, ಒಂದು ಗುಮಾಸ್ತೆ ಕೆಲಸವನ್ನು ದಯಪಾಲಿಸಬೇಕೆಂದು ರಾಮಾನುಜನ್ ಬೇಡಿಕೊಂಡರು. ಪರಿಚಯಕ್ಕೆಂದು ನೋಟುಪುಸ್ತಕವನ್ನು ಮುಂದಿಟ್ಟರು. ಅಯ್ಯರ್ ಅವರು ಹಾಳೆಗಳನ್ನು ತಿರುವಿ ಬೆರಗಾದರು. ಬೆರಗಾದುದರಿಂದಲೇ ಕೆಲಸ ಕೊಡಲಿಲ್ಲ. ಇಂಥ ಪ್ರತಿಭೆಯನ್ನು ಕಂದಾಯ ಕಚೇರಿಯ ಕೊನೆಯ ಮೆಟ್ಟಿಲಿನಲ್ಲಿ ಕೂರಿಸಿ ಅದರ ಉಸಿರು ಕಟ್ಟಿಸುವ ಪಾಪವು ತಮಗೆ ಬೇಡವೆಂಬುದು ಅವರ ಭಾವನೆ. ಪಟ್ಟದಾನೆಯನ್ನು ಗಾಣಕ್ಕೆ ಕಟ್ಟಿದವರೆಂಬ ಅಪಕೀರ್ತಿಗೆ ಅವರು ಒಪ್ಪಲಿಲ್ಲ.

ಈ ಪ್ರಸಂಗವನ್ನು ಓದುವವರೆಲ್ಲರೂ ಅಯ್ಯರ್ ಅವರ ಗುಣಗ್ರಾಹಿತ್ವವನ್ನು ಕೊಂಡಾಡುತ್ತಾರೆ. ಅದು ಯೋಗ್ಯವೇ. ಎಫ್.ಎ. ದಾಟದ ತರುಣನನ್ನು ಬಾಗಿಲಿನಿಂದಲೇ ಅಟ್ಟಿಬಿಡಬಹುದಾಗಿದ್ದ ಅಧಿಕಾರಿ ಕುಳ್ಳಿರಿಸಿ ಪುಸ್ತಕವನ್ನು ಓದಿದನೆಂಬುದೇ ದೊಡ್ಡ ಮಾತು. ಆದರೂ ನಾನು ಈ ಪ್ರಸಂಗವನ್ನು ಕೆಲಸ ಬೇಡಿ ಬಂದವರ ಕಡೆಯಿಂದ ನೋಡಬಯಸುತ್ತೇನೆ. ಪರೀಕ್ಷೆಯ ಮುಂದೆ ತಾನು ಕಡಿಮೆಯಾದೆ, ಕಚೇರಿಯ ಮುಂದೆ ಹೆಚ್ಚಾದೆ. ಹಾಗಾದರೆ ತನ್ನ ಅಳತೆಗೆ ಸರಿಯಾದ ಸ್ಥಳವೆಲ್ಲಿ? ತಂದೆಯ ಇಪ್ಪತ್ತು ರೂಪಾಯಿಯಲ್ಲಿ ನಡೆಯುವ ಮನೆ, ತವರಿನಲ್ಲಿ ಕಾದಿರುವ ಹೆಂಡತಿ, ಗಾಯ ಮಾಯ್ದು ಒಂದು ವರ್ಷವೂ ತುಂಬದ ದೇಹ. ಇವಕ್ಕೆ ಮೆಚ್ಚುಗೆಯಿಂದ ಏನು ಪ್ರಯೋಜನ?

ಅಯ್ಯರ್ ಅವರು ಮೆಚ್ಚುಗೆಯ ಮಾತಿಗೇ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. ಮದರಾಸಿನ ಗಣಿತಜ್ಞ ಮಿತ್ರರಿಗೆ ಪರಿಚಯಪತ್ರಗಳನ್ನು ಬರೆದುಕೊಟ್ಟು ಕಳುಹಿಸಿದರು. ಹಿಂದೆ ಕುಂಭಕೋಣದಲ್ಲಿ ಅಧ್ಯಾಪಕರಾಗಿದ್ದು ಆಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದ ಪಿ. ವಿ. ಶೇಷು ಅಯ್ಯರ್ ಅವರನ್ನು ರಾಮಾನುಜನ್ ಕಂಡರು. ಅವರು ಇನ್ನೊಂದು ಪತ್ರವನ್ನು ಕೊಟ್ಟು ನೆಲ್ಲೂರಿನ ಕಲೆಕ್ಟರರೂ ಗಣಿತ ಸಂಘದ ಕಾರ್ಯದರ್ಶಿಗಳೂ ಆಗಿದ್ದ ಆರ್. ರಾಮಚಂದ್ರರಾಯರ ಬಳಿಗೆ ಕಳುಹಿಸಿದರು. ಪತ್ರದಿಂದ ಪತ್ರಕ್ಕೆ, ಊರಿನಿಂದ ಊರಿಗೆ ಅಲೆದಾಟ. ಪತ್ರಗಳು ಬೆಳೆದುವು, ಸಂಬಳ ಹುಟ್ಟಲಿಲ್ಲ.

ರಾಮಚಂದ್ರರಾಯರು ತಮ್ಮ ಮುಂದೆ ಬಂದು ನಿಂತ ವ್ಯಕ್ತಿಯನ್ನು ಮುಂದೆ ನೆನಪಿನಿಂದ ಚಿತ್ರಿಸಿದ್ದಾರೆ. ಗಿಡ್ಡ, ಸ್ಥೂಲಕಾಯ, ಕ್ಷೌರ ಕಾಣದ ಮುಖ, ಅಷ್ಟೇನೂ ಶುಭ್ರವಲ್ಲದ ಉಡುಪು. ಕಂಕುಳಲ್ಲಿ ಸವೆದ ನೋಟುಪುಸ್ತಕ. ಇಷ್ಟರ ನಡುವೆ ಹೊಳೆಯುವ ಎರಡು ಕಣ್ಣುಗಳು. ಮೊದಲು ರಾಯರಿಗೆ ನಂಬಿಕೆ ಬರಲಿಲ್ಲ. ಹೇಳುತ್ತಿರುವುದು ತತ್ತ್ವವೋ ಭ್ರಮೆಯೋ ತಿಳಿಯದಾಯಿತು. ರಾಮಾನುಜನ್ ಬೇಸರಿಸದೆ ಮತ್ತೆ ಬಂದರು. ಈ ಸಲ ಕೇಳುವವರ ಶಕ್ತಿಯನ್ನು ಅರಿತು, ಸುಲಭವಾದ ಫಲಗಳಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಕರೆದೊಯ್ದರು. ಅನಂತ ಶ್ರೇಣಿಗಳ ಹೊಸ ತತ್ತ್ವಕ್ಕೆ ಬರುವ ಹೊತ್ತಿಗೆ ರಾಯರು ಶರಣಾಗಿದ್ದರು. ನಿಮಗೆ ಬೇಕಾದುದೇನೆಂದು ಕೇಳಿದಾಗ ಬಂದ ಉತ್ತರವು ಅತ್ಯಲ್ಪವಾದುದು: ಗಣಿತವನ್ನು ಮುಂದುವರಿಸಲು ಬಿಡುವು, ಅದಕ್ಕಾಗಿ ಉಸಿರು ಹಿಡಿದುಕೊಳ್ಳುವಷ್ಟು ಅನ್ನ.

ಇಲ್ಲಿಯೂ ಗುಮಾಸ್ತೆ ಕೆಲಸ ದೊರೆಯಲಿಲ್ಲ. ಇಂಥ ಬುದ್ಧಿಶಾಲಿಯನ್ನು ನೆಲ್ಲೂರಿನಂಥ ಹೊರ ಊರಿನ ಕಚೇರಿಯಲ್ಲಿ ಕೊಳೆಯಿಸುವುದು ಕ್ರೌರ್ಯವೆಂದು ರಾಯರು ಬಗೆದರು. ತೀರ್ಪು ತಿರುಕ್ಕೋವಿಲೂರಿನದೇ. ಆದರೆ ತೀರ್ಪಿನ ಜೊತೆಗೆ ರಾಯರು ತಮ್ಮ ಕೈಚೀಲವನ್ನೂ ತೆರೆದರು. ಕೆಲಸವನ್ನು ಕೊಡಲಾರದವರು ಖರ್ಚನ್ನು ತಾವೇ ವಹಿಸಿಕೊಂಡು, ಮದರಾಸಿನಲ್ಲಿಯೇ ಉಳಿಯುವಂತೆ ಹೇಳಿ, ತಿಂಗಳಿಗೆ ಇಪ್ಪತ್ತೈದು ರೂಪಾಯಿಗಳನ್ನು ಕಳುಹಿಸುವ ಏರ್ಪಾಡು ಮಾಡಿದರು. ನೀನು ಈ ಕೆಲಸಕ್ಕೆ ದೊಡ್ಡವನೆಂದು ಹೇಳುವ ಅಧಿಕಾರವು ಯಾರಿಗಾದರೂ ಇರುವುದಾದರೆ ಹೀಗೆ ನಡೆದುಕೊಂಡವರಿಗೆ ಮಾತ್ರವೇ ಎಂದು ನಾನು ಭಾವಿಸುತ್ತೇನೆ.

ಈ ಹಣದ ನೆರಳಿನಲ್ಲಿ ಕಳೆದ ೧೯೧೧ನೆಯ ವರ್ಷವು ಫಲವತ್ತಾಯಿತು. ಗಣಿತ ಸಂಘದ ಪತ್ರಿಕೆಯಲ್ಲಿ ಅವರ ಮೊದಲ ಪ್ರೌಢ ಲೇಖನ ಪ್ರಕಟವಾಯಿತು. ಅದು ಬರ್ನೌಲಿ ಸಂಖ್ಯೆಗಳ ಗುಣಗಳನ್ನು ಕುರಿತದ್ದು. ಪತ್ರಿಕೆಯ ಸಂಪಾದಕರಾಗಿದ್ದವರು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾದ ಎಂ. ಟಿ. ನಾರಣಯ್ಯಂಗಾರ್ಯರು. ರಾಮಾನುಜನ್ ಅವರ ಬರಹವು ಬಿಗಿಯಾದುದು, ವಿಧಾನ ಹೊಸದು. ಸಾಮಾನ್ಯ ಓದುಗನಿಗೆ ಎಟುಕದ್ದು. ಸಂಪಾದಕರು ಆ ಬರಹವನ್ನು ಮತ್ತೆ ಮತ್ತೆ ತಿದ್ದಿಸಿ ಅಚ್ಚಿಗೆ ಇಳಿಸಿದರು. ಅದೇ ಪತ್ರಿಕೆಗೆ ಅವರು ಕೊಟ್ಟ ಸಮಸ್ಯೆಯೊಂದು ಈಗ ಪ್ರಸಿದ್ಧ: ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಮತ್ತೊಂದು, ಹೀಗೆ ಕೊನೆಯಿಲ್ಲದೆ ಸಾಗುವ ಒಂದು ರಾಶಿಯ ಬೆಲೆಯೆಷ್ಟೆಂಬುದು ಪ್ರಶ್ನೆ. ತಿಂಗಳುಗಳು ಕಳೆದರೂ ಯಾರೂ ಬಿಡಿಸಲಿಲ್ಲ. ಕಡೆಗೆ ಅವರೇ ಉತ್ತರವನ್ನು ತಿಳಿಸಿದರು. ಅದು ಬರಿಯ ಮೂರು.

ರಾಯರು ವಿಶ್ವವಿದ್ಯಾನಿಲಯದಿಂದ ಒಂದು ವೇತನವನ್ನು ಕೊಡಿಸಲು ಪ್ರಯತ್ನಿಸಿ ಸೋತರು. ರಾಮಾನುಜನ್ ಅವರಿಗೂ ಒಬ್ಬರ ಕೃಪೆಯಲ್ಲಿ ಬಹುಕಾಲ ಬದುಕುವುದು ಒಪ್ಪಿಗೆಯಾಗಲಿಲ್ಲ. ಇದು ಅವರ ಸ್ವಭಾವದಲ್ಲಿ ನಾನು ತುಂಬ ಗೌರವಿಸುವ ಅಂಶ. ರಾಯರು ಕೊಡುವುದನ್ನು ನಿಲ್ಲಿಸಿದವರಲ್ಲ, ಪಡೆಯುವವರು ಸಂಕೋಚಪಟ್ಟರು. ತಾನು ಕಚೇರಿಗೆ ಮೀರಿದವನೆಂದು ಹಿರಿಯರಿಬ್ಬರು ತೀರ್ಮಾನಿಸಿದ್ದರೂ ಅವರು ಆ ತೀರ್ಮಾನವನ್ನು ಒಪ್ಪಿಕೊಳ್ಳಲಿಲ್ಲ. ಈ ನಡುವೆ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಅಲ್ಪಕಾಲ ತಾತ್ಕಾಲಿಕ ಕೆಲಸವನ್ನೂ ಮಾಡಿದ್ದುಂಟು. ೧೯೧೨ನೆಯ ಫೆಬ್ರವರಿ ೯ರಂದು ಮದರಾಸು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ಶಾಖೆಯ ಮುಖ್ಯಾಧಿಕಾರಿಗೆ ಅವರು ಒಂದು ಅರ್ಜಿಯನ್ನು ಬರೆದರು.

ಆ ಅರ್ಜಿ ಕೆಲವೇ ಸಾಲುಗಳದು. ಗುಮಾಸ್ತೆ ಕೆಲಸವೊಂದು ಖಾಲಿಯಿರುವುದಾಗಿ ತಿಳಿದುಬಂದಿದೆ. ತಾನು ಮೆಟ್ರಿಕ್ಯುಲೇಷನ್ ತೇರ್ಗಡೆಯಾಗಿ ಎಫ್.ಎ. ವರೆಗೆ ಓದಿದ್ದು, ಪ್ರತಿಕೂಲ ಸಂದರ್ಭಗಳಿಂದ ಓದು ನಿಂತಿತು. ಅಂದಿನಿಂದ ಕಾಲವನ್ನೆಲ್ಲ ಗಣಿತಕ್ಕೇ ಕೊಟ್ಟಿರುವುದುಂಟು. ಕೆಲಸ ದೊರೆತರೆ ಅದಕ್ಕೆ ನ್ಯಾಯ ಒದಗಿಸುವ ಭರವಸೆಯಿದೆ. ಇಷ್ಟೇ ಅದರ ಸಾರ. ಪ್ರಕಟವಾದ ಲೇಖನದ ಹೆಸರಿಲ್ಲ, ಕಲೆಕ್ಟರರ ಮೆಚ್ಚುಗೆಯ ಮಾತಿಲ್ಲ. ತಾನು ಮಾಡಬಲ್ಲ ಕೆಲಸವನ್ನು ಮಾಡುತ್ತೇನೆಂದು ಹೇಳಿಕೊಳ್ಳುವ ಗಂಭೀರ ವಿನಯವಷ್ಟೇ ಇದೆ.

ಅರ್ಜಿಗೆ ಬೆಂಬಲವಾಗಿ ಹೋದ ಶಿಫಾರಸು ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕರಾಗಿದ್ದ ಮಿಡಲ್‌ಮಾಸ್ಟ್ ಎಂಬವರದು. ಅದರ ಜಾಣ್ಮೆಯನ್ನು ನಾನು ಎಷ್ಟು ಸಲ ಮೆಚ್ಚಿಕೊಂಡರೂ ಸಾಲದು. ಸಂಖ್ಯೆಗಳ ವಿಷಯದಲ್ಲಿ ಈ ತರುಣನ ಶಕ್ತಿ ಅಸಾಧಾರಣವಾದುದೆಂದು ಹೇಳಿದ ಅವರು ಅಲ್ಲಿಗೇ ನಿಲ್ಲದೆ, ಗಣನೆಯಲ್ಲಿ ಸಹಜವಾದ ಕೈಯಿದೆ, ಅಂಕಿಗಳ ಕೆಲಸದಲ್ಲಿ ಬಹು ಚುರುಕು ಎಂದೂ ಸೇರಿಸಿದರು. ಅನಂತದ ಕೂಡೆ ಆಡುತ್ತಿದ್ದವನನ್ನು ಕೂಡಿಸುವುದರಲ್ಲಿ ಕಳೆಯುವುದರಲ್ಲಿ ಚುರುಕೆಂದು ಹೇಳುವುದು ಒಂದು ಬಗೆಯಲ್ಲಿ ಹಾಸ್ಯವೇ. ಆದರೆ ಕಚೇರಿಗೆ ಬೇಕಾದ ಭಾಷೆ ಅದು. ಬೇಡುವವನ ದೊಡ್ಡತನದಿಂದ ಕೊಡುವವನು ಬೆದರದಂತೆ, ಆ ದೊಡ್ಡತನದಲ್ಲಿ ಮೇಜಿನ ಕೆಲಸಕ್ಕೆ ಉಪಯೋಗವಾಗುವ ಪಾಲನ್ನು ಮಾತ್ರ ಬಿಡಿಸಿ ತೋರಿಸಿದರು. ಶಿಷ್ಯರಿಗೆ ಪ್ರಶಂಸಾಪತ್ರ ಬರೆಯುವ ಅಧ್ಯಾಪಕರೆಲ್ಲರೂ ಇದರಿಂದ ಕಲಿಯಬೇಕಾದುದು ಉಂಟು.

೧೯೧೨ನೆಯ ಮಾರ್ಚ್ ೧ರಂದು ರಾಮಾನುಜನ್ ಮೂರನೆಯ ವರ್ಗ ನಾಲ್ಕನೆಯ ದರ್ಜೆಯ ಗುಮಾಸ್ತೆಯಾಗಿ ಸೇರಿದರು. ಸಂಬಳ ತಿಂಗಳಿಗೆ ಮೂವತ್ತು ರೂಪಾಯಿ. ಯಾವುದು ಅವರ ಪ್ರತಿಭೆಯ ಉಸಿರು ಕಟ್ಟಿಸೀತೆಂದು ಹಿರಿಯರು ಹೆದರಿದ್ದರೋ ಅದೇ ಈಗ ಒದಗಿ ಬಂದಿತ್ತು. ಆದುದೇನು? ಉಸಿರು ಕಟ್ಟಲಿಲ್ಲ; ಸರಾಗವಾಗಿ ಆಡತೊಡಗಿತು. ಜಾರ್ಜ್ ಟೌನಿನಲ್ಲಿ ಒಂದು ಸಣ್ಣ ಮನೆ ಹೂಡಿದರು. ಮದುವೆಯಾಗಿ ಮೂರು ವರ್ಷಗಳಾದ ಮೇಲೆ ಜಾನಕಿ ಗಂಡನ ಮನೆಗೆ ಬಂದಳು, ತಾಯಿಯೂ ಜೊತೆಗಿದ್ದರು. ಹೊತ್ತಿಗೆ ಸರಿಯಾದ ಊಟ, ಹಂಗಿಲ್ಲದ ಅನ್ನ, ರಾತ್ರಿಯೆಲ್ಲ ತನ್ನದೇ ಆದ ಹಲಗೆ ಬಳಪ. ರಾಮಾನುಜನ್ ಕೇಳಿದ್ದುದು ಇಷ್ಟನ್ನೇ ಅಲ್ಲವೆ?

ಈ ಸುಖವು ಎಲ್ಲ ಕಚೇರಿಗಳಲ್ಲಿಯೂ ದೊರೆಯುವಂಥದಲ್ಲವೆಂಬುದನ್ನು ಒಪ್ಪಬೇಕು. ಆ ಶಾಖೆಯ ಮುಖ್ಯಸ್ಥರಾಗಿದ್ದ ಎಸ್. ನಾರಾಯಣ ಅಯ್ಯರ್ ಅವರು ಗಣಿತದ ಎಂ.ಎ.; ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಗಣಿತ ಪಾಠ ಹೇಳಿದ್ದವರು; ಗಣಿತ ಸಂಘದ ಖಜಾಂಚಿಗಳು. ಬಂದರಿನ ಜಮಾಖರ್ಚಿನ ಪುಸ್ತಕಗಳ ನಡುವೆ ಅವರೂ ಒಂದು ಬಗೆಯಲ್ಲಿ ಕುರ್ಚಿಗೆ ಮೀರಿದವರೇ. ಕುರ್ಚಿ ಸಣ್ಣದಾದರೂ ಮನಸ್ಸು ಸಣ್ಣದಾಗಬೇಕಿಲ್ಲವೆಂಬುದನ್ನು ಅವರು ಬಾಳಿನಿಂದಲೇ ಅರಿತಿದ್ದರು. ಕಚೇರಿಯ ಕೆಲಸ ಮುಗಿದ ಮೇಲೆ ಟ್ರಿಪ್ಲಿಕೇನಿನ ತಮ್ಮ ಮನೆಗೆ ರಾಮಾನುಜನ್ ಅವರನ್ನು ಕರೆದೊಯ್ದು, ಇಬ್ಬರೂ ಎರಡು ಹಲಗೆಗಳನ್ನು ಹಿಡಿದು ರಾತ್ರಿ ಬಹಳ ಹೊತ್ತಿನವರೆಗೆ ಕುಳಿತಿರುತ್ತಿದ್ದರು. ಹತ್ತು ಮೆಟ್ಟಿಲನ್ನು ಎರಡೇ ಹೆಜ್ಜೆಯಲ್ಲಿ ಹಾರಿಬಿಡುತ್ತಿದ್ದ ತರುಣನಿಗೆ, ನಡುವಣ ಮೆಟ್ಟಿಲುಗಳನ್ನು ಇತರರಿಗಾಗಿ ಬರೆದು ತೋರಿಸಬೇಕೆಂದು ಕಲಿಸಿದವರು ಅವರು.

ಪೋರ್ಟ್ ಟ್ರಸ್ಟಿನ ಅಧ್ಯಕ್ಷರು ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಎಂಬ ಇಂಜಿನಿಯರು. ನಾರಾಯಣ ಅಯ್ಯರ್ ಅವರ ಮಾತಿನಿಂದ ಅವರಿಗೂ ಈ ಗುಮಾಸ್ತೆಯ ವಿಷಯದಲ್ಲಿ ಆಸ್ಥೆ ಹುಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಮದರಾಸು ಇಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರಾದ ಗ್ರಿಫಿತ್ ಅವರು ಸ್ಪ್ರಿಂಗ್ ಅವರಿಗೆ ಬರೆದ ಕಾಗದದ ಅಭಿಪ್ರಾಯವು ಸ್ವಾರಸ್ಯವಾಗಿದೆ. ಈತನು ಲೆಕ್ಕಿಗನಾಗಿ ಸಾಧಾರಣನಿರಬಹುದು. ಆದರೂ ಆತನ ಅಪೂರ್ವ ಶಕ್ತಿಗೆ ತಕ್ಕ ದಾರಿ ಕಾಣುವವರೆಗೆ ಕೆಲಸದಲ್ಲಿ ಸುಖವಾಗಿ ಇರಗೊಡಬೇಕೆಂದು ಅವರು ಕೇಳಿಕೊಂಡರು. ಮುಂದಿನ ದಾರಿ ಹುಡುಕೋಣ, ಅಲ್ಲಿಯವರೆಗೆ ಇಂದಿನ ಅನ್ನವನ್ನು ಕೀಳುವುದು ಬೇಡವೆಂಬ ಇಂಥ ವಿವೇಕವು ಅಪರೂಪವಾದುದು. ಕಚೇರಿಯ ಕೆಲಸವನ್ನು ಬೇಗ ಮುಗಿಸಿ, ಬಂದರಿನಲ್ಲಿ ಸರಕು ಸುತ್ತಿ ಬಂದ ಕಾಗದದ ಹಾಳೆಗಳನ್ನು ಆರಿಸಿಕೊಂಡು ಅವುಗಳ ಮೇಲೆ ರಾಮಾನುಜನ್ ಲೆಕ್ಕ ಮಾಡುತ್ತಿದ್ದುದನ್ನು ಕಂಡವರು ನೆನೆದಿದ್ದಾರೆ. ಯಾರೂ ಅದನ್ನು ಅಪರಾಧವೆಂದು ಎಣಿಸಲಿಲ್ಲ.

೧೯೧೩ನೆಯ ಜನವರಿ ೧೬ರಂದು ಅವರು ಕೇಂಬ್ರಿಡ್ಜಿನ ಜಿ. ಎಚ್. ಹಾರ್ಡಿ ಅವರಿಗೆ ಪತ್ರ ಬರೆದರು. ಅದಕ್ಕೆ ಮುಂಚೆ ಅಲ್ಲಿಯ ಇಬ್ಬರು ಹಿರಿಯ ಗಣಿತಜ್ಞರಿಗೆ ಬರೆದುದು ಫಲಿಸಿರಲಿಲ್ಲ. ಈ ಪತ್ರದ ಆರಂಭದಲ್ಲಿಯೇ ತಾನು ಮದರಾಸು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ಶಾಖೆಯ ಗುಮಾಸ್ತೆಯೆಂದೂ ವರ್ಷಕ್ಕೆ ಇಪ್ಪತ್ತು ಪೌಂಡು ಸಂಬಳದವನೆಂದೂ ತಿಳಿಸಿದರು. ಆಮೇಲೆ ಸಾಲುಗಟ್ಟಿದ ಸೂತ್ರಗಳು. ಹಾರ್ಡಿಯವರು ಮೊದಲು ಸಂಶಯಪಟ್ಟುದು, ಅನಂತರ ಸಹೋದ್ಯೋಗಿ ಲಿಟಲ್‌ವುಡ್ ಅವರೊಡನೆ ಕುಳಿತು ಪರಿಶೀಲಿಸಿ ಬೆರಗಾದುದು, ಫೆಬ್ರವರಿಯಲ್ಲಿ ಉತ್ತೇಜನದ ಉತ್ತರ ಬರೆದುದು ಎಲ್ಲವೂ ವಾಚಕರಿಗೆ ಪರಿಚಿತ. ಆ ಉತ್ತರಕ್ಕೆ ರಾಮಾನುಜನ್ ಬರೆದ ಮರುಪತ್ರದಲ್ಲಿ ಒಂದು ಮಾತು ನನ್ನನ್ನು ಬಹುಕಾಲ ಕಾಡಿದೆ. ತಾನು ಅರೆಹೊಟ್ಟೆಯವನೆಂದೂ, ಮೆದುಳನ್ನು ಉಳಿಸಿಕೊಳ್ಳಬೇಕಾದರೆ ಮೊದಲು ಅನ್ನ ಬೇಕೆಂದೂ, ಅವರ ಸಹಾನುಭೂತಿಯ ಒಂದು ಪತ್ರವಿದ್ದರೆ ಇಲ್ಲಿ ವೇತನ ದೊರೆತೀತೆಂದೂ ಅವರು ಅರಿಕೆ ಮಾಡಿಕೊಂಡಿದ್ದರು. ಅವರ ಪ್ರತಿಭೆಯನ್ನು ಕುರಿತು ಇತರರು ಹೇಳಿದ ಮಾತುಗಳಿಗೆಲ್ಲ ಅವರೇ ಬರೆದ ಭಾಷ್ಯವಿದು.

ಅದೇ ಫೆಬ್ರವರಿಯಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥರೂ ಕೇಂಬ್ರಿಡ್ಜಿನ ಗಣಿತಜ್ಞರೂ ಆಗಿದ್ದ ಗಿಲ್ಬರ್ಟ್ ವಾಕರ್ ಅವರು ಮದರಾಸಿಗೆ ಬಂದಾಗ ಸ್ಪ್ರಿಂಗ್ ಅವರು ತಮ್ಮ ಗುಮಾಸ್ತೆಯ ಬರಹವನ್ನು ತೋರಿಸಿದರು. ವಾಕರ್ ಅವರು ವಿಶ್ವವಿದ್ಯಾನಿಲಯಕ್ಕೆ ಶಿಫಾರಸು ಮಾಡಿದರು. ಆಗ ಎದ್ದ ವಿಘ್ನವು ಹಳೆಯದೇ, ತಿರುಗುಮುರುಗಾಗಿ ಬಂದಿತ್ತು. ಸಂಶೋಧನ ವೇತನಕ್ಕೆ ಎಂ.ಎ. ಪದವಿ ಬೇಕು; ಅಭ್ಯರ್ಥಿ ಎಫ್.ಎ. ಸಹ ದಾಟಿದವನಲ್ಲ. ಗುಮಾಸ್ತೆಯ ಮೇಜಿಗೆ ಹೆಚ್ಚಾದವರು ವಿದ್ಯಾರ್ಥಿಯ ಪೀಠಕ್ಕೆ ಕಡಿಮೆಯಾದರು! ಸಂಶೋಧನೆಯನ್ನು ಬೆಳೆಸುವುದು ವಿಶ್ವವಿದ್ಯಾನಿಲಯದ ಉದ್ದೇಶಗಳಲ್ಲಿ ಒಂದೆಂಬುದನ್ನು ಎತ್ತಿ ಹೇಳಿದವರ ಮಾತು ಕಡೆಗೆ ಗೆದ್ದಿತು. ತಿಂಗಳಿಗೆ ಎಪ್ಪತ್ತೈದು ರೂಪಾಯಿಗಳಂತೆ ಎರಡು ವರ್ಷಗಳ ವೇತನ ಮಂಜೂರಾಗಿ, ೧೯೧೩ನೆಯ ಮೇ ೧ರಂದು ರಾಮಾನುಜನ್ ಪೋರ್ಟ್ ಟ್ರಸ್ಟಿನ ಕೆಲಸದಿಂದ ಬಿಡುವು ಪಡೆದರು. ಗುಮಾಸ್ತೆಯಾಗಿದ್ದುದು ಹದಿನಾಲ್ಕು ತಿಂಗಳು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೧೪ನೆಯ ಮಾರ್ಚ್ ೧೭ರಂದು ಹಡಗನ್ನೇರಿದರು. ೧೯೧೬ರಲ್ಲಿ ಸಂಶೋಧನೆಯ ಮೇಲೆ ಕೇಂಬ್ರಿಡ್ಜಿನ ಬಿ.ಎ. ಪದವಿ ದೊರೆಯಿತು. ಯುದ್ಧಕಾಲದ ಶೀತದೇಶದಲ್ಲಿ, ಸಸ್ಯಾಹಾರದ ಕಟ್ಟುಪಾಡಿನಲ್ಲಿ ದೇಹ ಕುಗ್ಗಿತು. ವರ್ಷಗಳು ಆಸ್ಪತ್ರೆಗಳಲ್ಲಿ ಕಳೆದುವು. ೧೯೧೮ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು; ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಆಗಿ ಆಯ್ಕೆಯಾದ ಮೊದಲ ಭಾರತೀಯರಾದರು. ಆರು ವರ್ಷಗಳ ಹಿಂದೆ ಮೂರನೆಯ ವರ್ಗ ನಾಲ್ಕನೆಯ ದರ್ಜೆಯ ಮೇಜಿನ ಮುಂದೆ ಕುಳಿತಿದ್ದವರು ಇವರೇ.

ಮದರಾಸು ವಿಶ್ವವಿದ್ಯಾನಿಲಯವು ಅವರಿಗೆ ಐದು ವರ್ಷಗಳ ಕಾಲ ವರ್ಷಕ್ಕೆ ಇನ್ನೂರೈವತ್ತು ಪೌಂಡುಗಳನ್ನು ಕೊಡಲು ನಿಶ್ಚಯಿಸಿತು. ೧೯೧೯ನೆಯ ಜನವರಿ ೧೧ರಂದು ಅವರು ಬರೆದ ಉತ್ತರವು, ಏಳು ವರ್ಷಗಳ ಹಿಂದಿನ ಗುಮಾಸ್ತೆಯ ಅರ್ಜಿಯ ಪಕ್ಕದಲ್ಲಿಟ್ಟು ಓದಬೇಕಾದುದು. ಗೊತ್ತುಪಡಿಸಿದ ಹಣವು ತನಗೆ ಬೇಕಾದುದಕ್ಕಿಂತ ಹೆಚ್ಚಾಯಿತು. ತನ್ನ ಖರ್ಚು ಕಳೆದು, ತಂದೆತಾಯಿಗಳಿಗೆ ವರ್ಷಕ್ಕೆ ಐವತ್ತು ಪೌಂಡು ಕೊಟ್ಟು ಮಿಕ್ಕುದನ್ನು ಬಡ ಹುಡುಗರ, ಅನಾಥರ ಶಾಲೆಯ ಶುಲ್ಕಕ್ಕೂ ಪುಸ್ತಕಗಳಿಗೂ ಬಳಸಬೇಕೆಂದು ಅವರು ಕೇಳಿಕೊಂಡರು. ತಾನು ಕೆಲಸಕ್ಕೆ ಹೆಚ್ಚೆಂದು ಎಂದೂ ಹೇಳದವರು, ಸಂಬಳವು ತನಗೆ ಹೆಚ್ಚೆಂದು ಹೇಳಿದರು. ಇದನ್ನು ಬರೆದಾಗ ಅವರು ರೋಗಿ, ವಯಸ್ಸು ಮೂವತ್ತೊಂದು.

ಅದೇ ವರ್ಷದ ಮಾರ್ಚಿಯಲ್ಲಿ ಮರಳಿ ಬಂದರು. ಒಂದು ವರ್ಷದ ನಂತರ, ೧೯೨೦ನೆಯ ಏಪ್ರಿಲ್ ೨೬ರಂದು, ಮದರಾಸಿನ ಚೆಟ್‌ಪಟ್ಟಿನಲ್ಲಿ ತೀರಿಕೊಂಡರು. ಕಡೆಯ ದಿನಗಳಲ್ಲಿಯೂ ಹಾಸಿಗೆಯ ಮೇಲೆ ಹಲಗೆ ಬಳಪಗಳಿದ್ದುವು. ಆ ತಿಂಗಳುಗಳ ಬರಹದ ಹಾಳೆಗಳು ೧೯೭೬ರಲ್ಲಿ ಟ್ರಿನಿಟಿಯ ಗ್ರಂಥಾಲಯದಲ್ಲಿ ಮತ್ತೆ ಬೆಳಕಿಗೆ ಬಂದು, ಒಂದು ತಲೆಮಾರಿನ ಗಣಿತಜ್ಞರಿಗೆ ಕೆಲಸ ಕೊಟ್ಟುವು. ಪತ್ನಿ ಜಾನಕಿ ಅಮ್ಮಾಳ್ ಹೊಲಿಗೆಯನ್ನು ಕಲಿತು, ಬಹುವರ್ಷ ಟ್ರಿಪ್ಲಿಕೇನಿನಲ್ಲಿ ಅದರಿಂದಲೂ ಜೀವನವನ್ನು ಸಾಗಿಸಿ, ೧೯೯೪ರಲ್ಲಿ ತೀರಿಕೊಂಡರು. ಡಿಸೆಂಬರ್ ೨೨ನ್ನು ೨೦೧೨ರಿಂದ ನಮ್ಮ ದೇಶವು ರಾಷ್ಟ್ರೀಯ ಗಣಿತ ದಿನವೆಂದು ಆಚರಿಸುತ್ತದೆ.

ಸಣ್ಣ ಕೆಲಸದಲ್ಲಿ ಸಿಕ್ಕಿಕೊಂಡು ನಂದಿಹೋದ ಪ್ರತಿಭೆಗಳು ಇಲ್ಲವೆಂದು ನಾನು ಹೇಳುತ್ತಿಲ್ಲ; ಅವು ಲೆಕ್ಕವಿಲ್ಲದಷ್ಟಿರಬೇಕು. ರಾಮಸ್ವಾಮಿ ಅಯ್ಯರ್ ಅವರ ಭಯವು ನಿರಾಧಾರವಾದುದಲ್ಲ. ನಾರಾಯಣ ಅಯ್ಯರ್ ಅವರಂಥವರು ಮೇಲಧಿಕಾರಿಯಾಗಿ ದೊರೆಯದಿದ್ದರೆ ಕಥೆ ಹೇಗೆ ಮುಗಿಯುತ್ತಿತ್ತೋ! ಆದರೆ ಆ ಭಯವನ್ನು ಪಡುವ ಹಕ್ಕು ಮೊದಲು ಕೆಲಸ ಬೇಡುವವನದು. ತನಗೆ ಆ ಕೆಲಸ ಸಣ್ಣದೋ ಅಲ್ಲವೋ ಎಂಬುದನ್ನು ಅವನು ಯೋಚಿಸಿಯೇ ಬಾಗಿಲಿಗೆ ಬಂದಿರುತ್ತಾನೆ. ನೀನು ದೊಡ್ಡವನೆಂದು ಹೇಳಿ ಅವನನ್ನು ಹಿಂದಿರುಗಿಸುವವರು, ರಾಮಚಂದ್ರರಾಯರಂತೆ ತಮ್ಮ ಜೇಬಿನಿಂದ ಇಪ್ಪತ್ತೈದು ರೂಪಾಯಿಗಳನ್ನಾದರೂ ಎಣಿಸಬೇಕು. ಅದು ಆಗದಿದ್ದರೆ, ಕೇಳಿದ ಮೇಜನ್ನೇ ಕೊಟ್ಟು, ಅವನು ತನ್ನ ಕೆಲಸ ಮುಗಿಸಿದ ಮೇಲೆ ಸರಕಿನ ಕಾಗದದ ಮೇಲೆ ಏನು ಬರೆಯುತ್ತಾನೆಂಬುದನ್ನು ಸ್ನೇಹದಿಂದ ನೋಡಬೇಕು. ಮದರಾಸಿನ ಬಂದರಿನಲ್ಲಿ ಒಮ್ಮೆ ಹಾಗೆ ನಡೆಯಿತು. ಅದಕ್ಕೆ ತಗುಲಿದ ವೆಚ್ಚ, ತಿಂಗಳಿಗೆ ಮೂವತ್ತು ರೂಪಾಯಿ.